ಸಂಕದ ಆಚೆ ಕಡೆಯವನು

ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷಗಳಿಲ್ಲ. ಇದನ್ನು ಹೇಳುತ್ತಿರುವುದು ನಾನಲ್ಲ, ಕಾನೂನು. ಹೂವು, ಕೈ, ತೆನೆ ಎಲ್ಲವೂ ತಾಲೂಕು ಪಂಚಾಯತಿನಿಂದ ಮೇಲಕ್ಕೆ. ಗ್ರಾಮದ ಹೊಸ್ತಿಲು ದಾಟುವಾಗ ಚಪ್ಪಲಿ ಕಳಚಿಡುವಂತೆ ಪಕ್ಷದ ಚಿಹ್ನೆಯನ್ನು ಹೊರಗೆ ಕಳಚಿಟ್ಟು ಬರಬೇಕು. ಅಂದ ಮೇಲೆ ನಾಮಪತ್ರ ಹಾಕುವ ಪ್ರತಿಯೊಬ್ಬರೂ ಪಕ್ಷೇತರರೇ. 2020ರ ಡಿಸೆಂಬರಿನಲ್ಲಿ, ಉಡುಪಿ ತಾಲೂಕಿನ ನಮ್ಮ ಊರಿನಲ್ಲಿ, ಈ ಮಾತನ್ನು ನಿಜವೆಂದು ನಂಬಿದವನು ನಾನೊಬ್ಬನೇ ಎಂಬುದು ಆಮೇಲೆ ಗೊತ್ತಾಯಿತು.

ನಾನು ನಿಲ್ಲುವುದಕ್ಕೆ ಕಾರಣ ಒಂದು ಸಂಕ. ನಮ್ಮ ಮನೆಗೂ ಡಾಮರು ರಸ್ತೆಗೂ ನಡುವೆ ತೋಡು ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಅಡಿಕೆ ಮರದ ನಾಲ್ಕು ಸೀಳು ಹಾಸಿದ್ದಾರೆ. ಎರಡನೆಯ ಸೀಳು ಕುಂಬಾಗಿ ಆಗಲೇ ಮೂರು ಮಳೆಗಾಲ ಕಳೆದಿತ್ತು. ಅದರ ಮೇಲೆ ಕಾಲಿಡಬಾರದೆಂದು ಅಂಚೆಯಣ್ಣನಿಗೆ ಗೊತ್ತು, ಮೀನಿನವನಿಗೆ ಗೊತ್ತು, ಊರಿನ ನಾಯಿಗಳಿಗೂ ಗೊತ್ತು. ನಾಲ್ಕು ಅರ್ಜಿ ಕೊಟ್ಟ ಮೇಲೂ ಗೊತ್ತಾಗದೆ ಉಳಿದದ್ದು ಪಂಚಾಯತಿಗೆ ಮಾತ್ರ. ಸಂಕದ ತುದಿಯಲ್ಲೊಂದು ದಾರಿದೀಪವಿದೆ. ಅದು ನಟ್ಟ ನಡು ಮಧ್ಯಾಹ್ನ ಜಗಜಗಿಸುತ್ತದೆ, ಸಂಜೆ ಏಳಕ್ಕೆ ಸರಿಯಾಗಿ ಆರುತ್ತದೆ. ಸೂರ್ಯನ ಜೊತೆ ಅದಕ್ಕೆ ಏನೋ ಪೈಪೋಟಿ ಇರಬೇಕು.

ಇನ್ನೂರು ರೂಪಾಯಿ ಠೇವಣಿ ಹಿಡಿದು ನಾಮಪತ್ರ ಕೊಡಲು ಹೋದೆ. ಮೇಜಿನ ಆಚೆ ಕುಳಿತಿದ್ದವರು ಮುಖಗವಸಿನ ಒಳಗಿನಿಂದಲೇ ಕೇಳಿದರು, "ಯಾವ ಪಕ್ಷ?"

"ಇದು ಪಕ್ಷರಹಿತ ಚುನಾವಣೆ ಅಲ್ಲವೇ ಸಾರ್?"

"ಅದು ಹೌದು. ಆದರೆ ಯಾವ ಪಕ್ಷ?"

ಆ ಇಡೀ ತಿಂಗಳು ನನಗೆ ಸಿಕ್ಕಿದ ರಾಜಕೀಯ ಶಿಕ್ಷಣ ಇದಿಷ್ಟೇ. ಉಳಿದದ್ದೆಲ್ಲ ಇದರ ಪುನರಾವರ್ತನೆ.

ಕಾನೂನಿನ ಈ ಬೇಲಿಯನ್ನು ದಾಟಲು ನಮ್ಮವರು ಕಂಡುಹಿಡಿದಿರುವ ಪದ 'ಬೆಂಬಲಿತ'. ಪಕ್ಷದ ಅಭ್ಯರ್ಥಿ ಎಂದರೆ ತಪ್ಪು, ಪಕ್ಷ ಬೆಂಬಲಿತ ಅಭ್ಯರ್ಥಿ ಎಂದರೆ ಸರಿ. ಪಟ್ಟಿಯನ್ನು ಪಕ್ಷದ ಕಚೇರಿಯಲ್ಲಿ ತಯಾರಿಸುತ್ತಾರೆ, ಪ್ರಚಾರಕ್ಕೆ ಪಕ್ಷದ ಮುಖಂಡರೇ ಬರುತ್ತಾರೆ, ಗೆದ್ದರೆ ಪಕ್ಷದ ಶಾಲು ಹೊದಿಸುತ್ತಾರೆ. ಅಭ್ಯರ್ಥಿ ಮಾತ್ರ ಪಕ್ಷೇತರ. ಹರಕೆಯ ಕೋಳಿ ತಾನು ಸ್ವತಂತ್ರವಾಗಿ ಬಂದೆ ಎಂದಂತೆ. ಪಕ್ಷ ಇರಬಹುದಾದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪಕ್ಷ ಇರಲೇಬಾರದ ಕಡೆ ಪಕ್ಷಗಳು ಗದ್ದೆಗಿಳಿದ ಕೋಣಗಳಂತೆ ಓಡಿದವು.

ಮನೆ ಮನೆಗೆ ಹೊರಟೆ. ಸಂಕದ ವಿಷಯ ಎತ್ತುತ್ತಿದ್ದಂತೆ ಎಲ್ಲರೂ ತಲೆದೂಗುತ್ತಿದ್ದರು. ಎರಡು ನಿಮಿಷ ಕಳೆಯುತ್ತಲೇ ಅದೇ ಪ್ರಶ್ನೆ: "ಅದೆಲ್ಲ ಸರಿ, ನೀವು ಯಾವ ಕಡೆಯವರು?"

"ಸಂಕದ ಆಚೆ ಕಡೆಯವನು."

"ಅದಲ್ಲ ಮಾರಾಯರೇ. ಯಾವ ಕಡೆಯವರು?"

ಹಾಲಿನ ಡೈರಿಯ ಅಕ್ಕ ಸ್ವಲ್ಪ ಉದಾರಿ. ಕ್ಯಾನಿಗೆ ಮುಚ್ಚಳ ಹಾಕುತ್ತಾ, "ಇವರು ಯಾವ ಕಡೆಯೂ ಅಲ್ಲವಂತೆ" ಎಂದು ಸಾಲಿನಲ್ಲಿ ನಿಂತವರಿಗೆ ಪರಿಚಯಿಸಿದರು. ಮನೆಯಲ್ಲಿ ಯಾರಿಗೋ ಗುಣವಾಗದ ಕಾಯಿಲೆ ಇದೆ ಎಂದು ಹೇಳುವ ಸ್ವರ ಅದು.

ನಾಮಪತ್ರ ಹಿಂಪಡೆಯುವ ಕೊನೆಯ ದಿನದ ಹಿಂದಿನ ಸಂಜೆ ಎರಡೂ ಕಡೆಯವರು ಒಬ್ಬರಾದ ಮೇಲೊಬ್ಬರಂತೆ ಚಾವಡಿಗೆ ಬಂದರು. ಮೊದಲು ಬಂದವರಿಗೆ, ತಮ್ಮ ಮತ ಒಡೆಯಲು ಎರಡನೆಯವರೇ ನನ್ನನ್ನು ನಿಲ್ಲಿಸಿದ್ದಾರೆಂಬ ಗುಮಾನಿ. ಎರಡನೆಯವರಿಗೆ ಮೊದಲಿನವರ ಮೇಲೆ. "ನಿಮ್ಮ ಹಿಂದೆ ಯಾರಿದ್ದಾರೆ, ನಿಜ ಹೇಳಿ" ಎಂದರು. ನನ್ನ ಹಿಂದೆ ಗೋಡೆ ಇತ್ತು, ಅದರಲ್ಲಿ ಅಪ್ಪನ ಫೋಟೋ. ಹೋಗುವಾಗ ಎರಡೂ ತಂಡದವರು ಎರಡನೆಯ ಸೀಳನ್ನು ಬಿಟ್ಟು ಹುಷಾರಾಗಿ ಸಂಕ ದಾಟಿದರು. ಅಂದರೆ ವಿಷಯ ಅವರಿಗೂ ಗೊತ್ತಿತ್ತು.

ಚಿಹ್ನೆ ಹಂಚುವಾಗ ನನಗೆ ಬಂದದ್ದು ಹೊಲಿಗೆ ಯಂತ್ರ. ಬೆಂಬಲಿತರಿಗೆ ಆಟೋರಿಕ್ಷಾ, ಸೀಲಿಂಗ್ ಫ್ಯಾನ್ ಇತ್ಯಾದಿ. ಆಮೇಲಿನ ದಿನಗಳಲ್ಲಿ ಕಾರ್ಯಕರ್ತರ ಪಾಡು ನೋಡಬೇಕಿತ್ತು. ಜೀವಮಾನವಿಡೀ ಒಂದೇ ಚಿಹ್ನೆಗೆ ಮತ ಹಾಕಿದವರಿಗೆ, ಈ ಸಲ ನಮ್ಮ ಪಕ್ಷವೆಂದರೆ ಫ್ಯಾನು ಎಂದು ಕಲಿಸಬೇಕು, ಅದನ್ನೂ ಪಕ್ಷವೆಂಬ ಪದ ಬಳಸದೆ. ಒಬ್ಬರು ಅಜ್ಜಿ ಮಾದರಿ ಮತಪತ್ರವನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಹಿಂಬದಿಯನ್ನೂ ನೋಡಿ, "ನಮ್ಮದು ಎಲ್ಲಿ?" ಎಂದು ಕೇಳಿದರು. "ಇದೇ ಅಜ್ಜಿ, ಫ್ಯಾನು." "ಫ್ಯಾನು ಮನೆಯಲ್ಲಿದೆ, ನಮ್ಮದು ಎಲ್ಲಿ?" ನನ್ನ ಚಿಹ್ನೆಗೂ ಪರಿಣಾಮ ಇಲ್ಲದಿರಲಿಲ್ಲ. ಪ್ರಚಾರದ ಮೂರನೆಯ ದಿನ ಇಬ್ಬರು ರವಿಕೆ ಬಟ್ಟೆ ತಂದು ಕೊಟ್ಟು, ತೋಳು ಸ್ವಲ್ಪ ಸಡಿಲ ಇರಲಿ ಎಂದು ಹೇಳಿ ಹೋದರು.

ಇನ್ನು ಮತದ ಲೆಕ್ಕ. ಪೇಟೆಯವರಿಗೆ ಇದು ತಿಳಿದಿರಲಿಕ್ಕಿಲ್ಲ. ಗ್ರಾಮ ಪಂಚಾಯತಿನಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಒಂದೇ ವಾರ್ಡಿನಲ್ಲಿ ಹಲವು ಸ್ಥಾನ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಮತ. ನಮ್ಮ ವಾರ್ಡಿನಲ್ಲಿ ಮೂರು. ಸಜ್ಜನಿಕೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾರೂ ಕಂಡುಹಿಡಿದಿಲ್ಲ. ಒಂದೇ ಮತವಿದ್ದರೆ ಸುಳ್ಳು ಹೇಳಲು ಸ್ವಲ್ಪ ಅಂಜಿಕೆ ಇರುತ್ತದೆ. ಮೂರಿದ್ದರೆ ಯಾರಿಗೂ ಬೇಸರ ಮಾಡುವ ಅಗತ್ಯವೇ ಇಲ್ಲ. "ಎರಡು ಅವರಿಗೆ ಕೊಡಲೇಬೇಕಲ್ಲ, ನಿಮಗೆ ಗೊತ್ತಿದೆ. ಮೂರನೆಯದು ನಿಮಗೇ" ಎಂದು ಪ್ರತಿ ಮನೆಯಲ್ಲೂ ಬೆಲ್ಲ ನೀರು ಕೊಟ್ಟು ಹೇಳಿದರು. ರಾತ್ರಿ ಡೈರಿಯಲ್ಲಿ ಗುರುತು ಹಾಕಿ ಕೂಡಿಸುತ್ತಿದ್ದೆ. ಪ್ರಚಾರ ಮುಗಿಯುವಾಗ ನನ್ನ ಖಾತೆಯಲ್ಲಿ 412 'ಮೂರನೆಯ ಮತ'ಗಳು ಜಮೆಯಾಗಿದ್ದವು. ಅಷ್ಟು ಬಂದರೆ ಮೊದಲ ಸ್ಥಾನವೇ ನನ್ನದು. ಎರಡು ರಾತ್ರಿ ನಿದ್ದೆ ಬರಲಿಲ್ಲ, ಸಂಕವನ್ನು ಕಾಂಕ್ರೀಟಿನಲ್ಲಿ ಮಾಡಿಸುವುದೋ ಕೆಂಪು ಕಲ್ಲಿನಲ್ಲೋ ಎಂಬ ಚಿಂತೆಯಲ್ಲಿ.

ಡಿಸೆಂಬರ್ 30ರಂದು ಎಣಿಕೆ. ನನಗೆ ಬಂದದ್ದು 23.

ಸಂಕ ದಾಟಿಯೇ ಹೋಗಬೇಕಾದ ಮನೆಗಳು ನಮ್ಮದೂ ಸೇರಿ ಐದು. ಅವುಗಳಲ್ಲಿರುವ ಮತದಾರರು 26. ಈ ವ್ಯವಕಲನವನ್ನು ನಾನು ಮುಂದುವರಿಸಲಿಲ್ಲ. ನಮ್ಮ ಮನೆಯಲ್ಲಿಯೇ ಐದು ಮತವಿದೆ, ದಿನಾ ಗಂಜಿ ಬಡಿಸುವವರ ಹತ್ತಿರ ಕೇಳುವ ಪ್ರಶ್ನೆಯಲ್ಲ ಅದು. ಠೇವಣಿ ಹೋಯಿತೆಂದು ಊರಿಗೆ ಊರೇ ಮರುಗಿತು. ಇನ್ನೂರು ರೂಪಾಯಿಗೆ ಅಷ್ಟೊಂದು ಸಾಂತ್ವನ ಸಿಗುವುದಾದರೆ ಇನ್ನೊಮ್ಮೆ ನಿಲ್ಲಬಹುದು ಎಂದು ಆಗಲೇ ಒಂದು ಯೋಚನೆ ಬಂತು.

ಮರುದಿನ ಎರಡೂ ಕಡೆಯವರು ಬೆಂಬಲಿತರ ಲೆಕ್ಕ ಕೊಟ್ಟರು. ಪಂಚಾಯತಿನ ಒಟ್ಟು ಸ್ಥಾನ 17. ಒಂದು ಕಡೆಯವರು ಗೆದ್ದದ್ದು 10, ಇನ್ನೊಂದು ಕಡೆಯವರು ಗೆದ್ದದ್ದು 9. ಹೆಚ್ಚಾದ ಆ ಇಬ್ಬರು ಸದಸ್ಯರನ್ನು ಯಾರೂ ನೋಡಲಿಲ್ಲ. ಚಿಹ್ನೆ ಇಲ್ಲದ್ದರಿಂದ ತಕರಾರು ಮಾಡುವ ಹಾಗೂ ಇಲ್ಲ. ಅಧ್ಯಕ್ಷರ ಆಯ್ಕೆ ಹತ್ತಿರ ಬಂದಾಗ ಒಂಬತ್ತು ಮಂದಿಯನ್ನು ಟೆಂಪೋ ಟ್ರಾವೆಲರಿನಲ್ಲಿ ಘಟ್ಟದ ಮೇಲಕ್ಕೆ ಪ್ರವಾಸ ಕರೆದುಕೊಂಡು ಹೋದರು. ಪಕ್ಷವೇ ಇಲ್ಲದ ಸದಸ್ಯರು ಪಕ್ಷಾಂತರ ಮಾಡಬಾರದಲ್ಲ.

ಗೆದ್ದವರು ತಪ್ಪದೆ ಕೆಲಸವನ್ನೂ ಮಾಡಿದರು ಎನ್ನಬೇಕು. ನೈನ್ ಇಲೆವೆನ್ ಎಂದರೆ ಜಗತ್ತಿಗೆಲ್ಲ ಅಮೆರಿಕದ ಎರಡು ಕಟ್ಟಡ ಬಿದ್ದ ದಿನ. ನಮಗೆ ಅದು ಒಂದು ಕಟ್ಟಡ ಎಬ್ಬಿಸಲು ಬೇಕಾದ ಇ-ಸ್ವತ್ತಿನ, ಅಂದರೆ ಪಂಚಾಯತಿನ ಆಸ್ತಿ ದಾಖಲೆಯ, 9 ಮತ್ತು 11ನೇ ನಮೂನೆ. ಅದಕ್ಕಾಗಿ ತಿರುಗಿದವರಿಗೆ ಸದಸ್ಯರು ಯಾವ ಕಡೆಯವರೆಂಬುದು ಚೆನ್ನಾಗಿ ನೆನಪಿರುತ್ತದೆ.

ಈಚೆಗೆ ಒಂದು ಸಂಜೆ ಫೋನ್ ಬಂತು. ಸ್ವರ ಪರಿಚಿತ, ಅಂದು ಚಾವಡಿಗೆ ಮೊದಲು ಬಂದಿದ್ದವರದ್ದು.

"ಮುಂದಿನ ಸಲ ನೀವು ನಿಲ್ಲಲೇಬೇಕು. ಜನ ನಿಮ್ಮನ್ನು ನೆನಪಿಟ್ಟುಕೊಂಡಿದ್ದಾರೆ."

"ನಾನು ಪಕ್ಷೇತರ" ಎಂದೆ.

"ಇರಲಿ, ಪಕ್ಷೇತರರಾಗಿಯೇ ನಿಲ್ಲಿ. ನಮ್ಮ ಪಕ್ಷದ ಪಕ್ಷೇತರರಾಗಿ."

ಮೂರನೆಯ ಸೀಳೂ ಈಗ ಕುಂಬಾಗಿದೆ, ಸಂಕವನ್ನಾದರೂ ಮೊದಲು ಮಾಡಿಸಿಕೊಡಿ ಎಂದೆ. ಆ ಕಡೆಯಿಂದ ಪ್ರಾಮಾಣಿಕವಾದ ಗಾಬರಿ ಕೇಳಿಸಿತು.

"ಅದನ್ನು ಈಗಲೇ ಮಾಡಿಸಿದರೆ ನೀವು ಯಾವ ವಿಷಯ ಹಿಡಿದು ನಿಲ್ಲುತ್ತೀರಿ ಮಾರಾಯರೇ?"