ಕ್ಲಾಸಿನಲ್ಲಿ ಧರ್ಮದ ಮಾತೇ ಎತ್ತಬಾರದಾ?

"ಸರ್ಕಾರಿ ಕಾಲೇಜಿನಲ್ಲಿ ಧರ್ಮ, ಜಾತಿ ಬಗ್ಗೆ ಪಾಠ ಮಾಡಿದರೆ ಅಪರಾಧ, ಸಂವಿಧಾನದ 28ನೇ ವಿಧಿ ನೋಡಿ" ಅನ್ನುವ ಮೆಸೇಜು ನಮ್ಮ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

28ನೇ ವಿಧಿಯಲ್ಲಿ ಜಾತಿಯ ಮಾತೇ ಇಲ್ಲ. ಅದು ತಡೆಯುವುದು ಧರ್ಮಬೋಧನೆಯನ್ನು, ಅದೂ ಪೂರ್ತಿ ಸರ್ಕಾರದ ದುಡ್ಡಿನಲ್ಲೇ ನಡೆಯುವ ಸಂಸ್ಥೆಗಳಲ್ಲಿ. ಹೀಗೇ ನಂಬು, ಹೀಗೇ ಪೂಜೆ ಮಾಡು ಅಂತ ಕಲಿಸುವುದು ಬೇರೆ. ಒಂದು ಧರ್ಮ ಏನು ಹೇಳುತ್ತದೆ, ಹೇಗೆ ಬೆಳೆಯಿತು ಅಂತ ಓದಿ ಚರ್ಚಿಸುವುದು ಬೇರೆ. ಶಾಲಾ ಪಠ್ಯಕ್ರಮದ ಬಗ್ಗೆ ನಡೆದ 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ಎತ್ತಿ ಹೇಳಿದೆ.

ಸುಮ್ನೆ ಯೋಚಿಸಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬೌದ್ಧ ಧರ್ಮದ ಹೆಸರೆತ್ತದೆ ಅದನ್ನು ಪಾಠ ಮಾಡುವುದು ಹೇಗೆ? ಜಾತಿ ಅನ್ನದೆ ಮೀಸಲಾತಿ ಪಾಠ ಮುಗಿಯುತ್ತದಾ?

ಹಾಗಂತ ಬಾಯಿಗೆ ಬಂದದ್ದು ಅನ್ನಬಹುದು ಅಂತಲ್ಲ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಇದೆ. ಮೇಷ್ಟ್ರಿಗೂ ಅದರಿಂದ ವಿನಾಯಿತಿ ಇಲ್ಲ. ಧರ್ಮ, ಜಾತಿಯ ಪಾಠ ಶುರು ಮಾಡುವ ದಿನ ನಾನು ಬೋರ್ಡಿನ ಮೇಲೆ ಒಂದೇ ಸಾಲು ಬರೆಯುತ್ತೇನೆ: "ಉತ್ತರ ಕೊಡಬೇಕಾದ್ದು ವಾದಕ್ಕೆ, ವಾದ ಮಾಡಿದವರ ಜಾತಿಗಲ್ಲ." ಬರೆದ ಮೇಲೂ ಹುಡುಗರ ದನಿ ಜೋರಾಗುತ್ತದೆ, ಅದು ಬೇರೆ ಮಾತು.