ಇಕ್ವೇಶನ್ ಕೊಡಿ ಅಂದರೆ ಅದರ ಫೋಟೋ ಕೊಡುತ್ತೀರಲ್ಲ!

ಆನ್‌ಲೈನ್ ಕೋರ್ಸ್ ತಯಾರಿಸುವ ಟೂಲ್‌ಗಳನ್ನು ಮಾಡುವವರಲ್ಲಿ ಗಣಿತ ಪಾಠ ಮಾಡಿದವರು ಒಬ್ಬರಾದರೂ ಇದ್ದಾರಾ? ನನಗಂತೂ ಅನುಮಾನ. ಕಾರ್ಡ್ ತಿರುಗಿಸಬಹುದು, ಗೊಂಬೆ ಕೈ ಬೀಸುವಂತೆ ಮಾಡಬಹುದು, ಸರಿ ಉತ್ತರ ಕೊಟ್ಟರೆ ಪರದೆ ತುಂಬ ಬಣ್ಣದ ಚೂರು ಉದುರಿಸಬಹುದು. ಒಂದು ಭಿನ್ನರಾಶಿಯನ್ನು ನೆಟ್ಟಗೆ ಬರೆಯಲು ಮಾತ್ರ ಆಗುವುದಿಲ್ಲ.

ನಾನು ಬಿಸಿಎ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಾಲೇಜಿನವರು ದುಡ್ಡು ಕೊಟ್ಟು ಒಂದು ಟೂಲ್ ತಂದಿದ್ದಾರೆ, ಪಾಠವೆಲ್ಲ ಅದರಲ್ಲೇ ಇರಬೇಕೆಂದು ಆರ್ಡರ್ ಆಗಿದೆ. ಹೆಸರು ಬೇಡ ಬಿಡಿ. ನಾನು ವರ್ಡ್‌ನಲ್ಲಿ ಆಲ್ಟ್ ಮತ್ತು ಈಕ್ವಲ್ ಕೀ ಒತ್ತಿ ಇಕ್ವೇಶನ್ ಬರೆಯುತ್ತೇನೆ. ಅಲ್ಲಿ ಯಾವುದು ಅಂಶ, ಯಾವುದು ಛೇದ, ಯಾವುದು ಘಾತ ಎಂಬುದು ಕಂಪ್ಯೂಟರಿಗೂ ಗೊತ್ತಿರುತ್ತದೆ. ಕಾಪಿ ಮಾಡಿ ಈ ಟೂಲ್‌ನಲ್ಲಿ ಪೇಸ್ಟ್ ಮಾಡಿದೆವೋ, ಮುಗಿಯಿತು. ಅದು ಬರೀ ಚಿತ್ರ. ಊಟಕ್ಕೆ ಕರೆದು ಎಲೆ ಮೇಲೆ ಊಟದ ಫೋಟೋ ಇಟ್ಟ ಹಾಗೆ.

ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ನಿಜ. ಆದರೆ ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಪ್ರೋಗ್ರಾಮಿಂಗ್‌ನಲ್ಲಿ ಉಳಿದವರಿಗಿಂತ ಒಂದು ಕೈ ಮೇಲೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಓದುತ್ತಾಳೆ. ಮ್ಯಾಟ್ರಿಕ್ಸ್ ಪಾಠ ತೆರೆದರೆ ಅವಳಿಗೆ ಕೇಳಿಸುವುದೇನು ಗೊತ್ತಾ? 'ಗ್ರಾಫಿಕ್, ಇಮೇಜ್ 17 ಡಾಟ್ ಪಿಎನ್‌ಜಿ.' ಆಮೇಲೆ 'ಇದರ ಡಿಟರ್ಮಿನೆಂಟ್ ಕಂಡುಹಿಡಿಯಿರಿ.' ಯಾವುದರದ್ದು? ಹದಿನೇಳನೇ ಫೋಟೋದ್ದಾ? ವಿವರಣೆ ಬರೆಯಬೇಕಾದ ಜಾಗಕ್ಕೆ ಟೂಲೇ ಫೈಲಿನ ಹೆಸರು ತುಂಬಿರುತ್ತದೆ. ಜಾಗ ಖಾಲಿ ಇಲ್ಲವಲ್ಲ, ಹಾಗಾಗಿ ಕಣ್ಣು ಕಾಣದವರಿಗೂ ಪಾಠ ಸರಿಯಿದೆಯಾ ಎಂದು ನೋಡುವ ಅದರ ತಪಾಸಣೆ ವರದಿಯಲ್ಲಿ ಎಲ್ಲದಕ್ಕೂ ಹಸಿರು ಟಿಕ್. ಇದು ನನಗೆ ಬರುವ ಸಿಟ್ಟಿಗೆ ತುಪ್ಪ.

ಚಿತ್ರ ಬೇಡ, ಸುಮ್ನೆ ಟೈಪ್ ಮಾಡಿ ಅಂತೀರಾ? ಅದರ ಕಥೆ ಇನ್ನೂ ಚೆಂದ. ಎಕ್ಸ್ ಸ್ಕ್ವೇರ್ ಬರೆಯಲು 2 ಅನ್ನು ಮೇಲಕ್ಕೆ ಏರಿಸಿದರೆ ಅದು ನೋಡುವವರಿಗೆ ಮಾತ್ರ ಮೇಲಿರುತ್ತದೆ. ಎನ್‌ವಿಡಿಎ ಮಾಮೂಲಿ ಸೆಟ್ಟಿಂಗ್‌ನಲ್ಲಿ 'ಎಕ್ಸ್ ಟೂ' ಎಂದಷ್ಟೇ ಓದುತ್ತದೆ. ಕೀಬೋರ್ಡಿನಲ್ಲಿ ನಾವು ಮೈನಸ್ ಅಂದುಕೊಂಡು ಒತ್ತುವ ಗೆರೆ ಅದರ ಲೆಕ್ಕದಲ್ಲಿ ಹೈಫನ್. ಅದನ್ನು ಓದದೆ ಮುಂದೆ ಹೋಗುತ್ತದೆ. ಪ್ಲಸ್ ಓದುತ್ತದೆ, ಈಕ್ವಲ್ ಓದುತ್ತದೆ. ಅಂದರೆ 'ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಪ್ಲಸ್ 6 ಈಕ್ವಲ್ ಟು ಸೊನ್ನೆ' ಎಂಬುದು ಅವಳ ಕಿವಿಗೆ ಬೀಳುವಾಗ 'ಎಕ್ಸ್ 2, 5 ಎಕ್ಸ್ ಪ್ಲಸ್ 6 ಈಕ್ವಲ್ಸ್ 0' ಆಗಿರುತ್ತದೆ. ಇದಕ್ಕೆ ಮೂಲ ಕಂಡುಹಿಡಿ ಅಂದರೆ ರಾಮಾನುಜನ್ ಬಂದರೂ ತಲೆ ಕೆರೆದುಕೊಳ್ಳಬೇಕು.

ದೂರು ಕೊಟ್ಟರೆ ಕಂಪನಿಯವರಿಂದ ಬರುವುದು ಒಂದೇ ಉತ್ತರ. 'ಮೇಡಂ, ಆಲ್ಟ್ ಟೆಕ್ಸ್ಟ್ ಬರೆಯಿರಿ.' ಅಂದರೆ ಚಿತ್ರದಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆಯುವ ವಿವರಣೆ. ಏನೋ ದೊಡ್ಡ ಉಪಕಾರ ಮಾಡಿದ ಧಾಟಿಯಲ್ಲಿ. ಸರಿ ಸ್ವಾಮಿ, ವರ್ಗ ಸಮೀಕರಣದ ಸೂತ್ರವನ್ನೇ ಬರೆಯೋಣ. 'ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಬೈ ಟೂ ಎ.' ಈಗ ನೀವೇ ಹೇಳಿ, ರೂಟ್ ಎಲ್ಲಿಗೆ ಮುಗಿಯಿತು? ಟೂ ಎ ಭಾಗಿಸುವುದು ಇಡೀ ಸಾಲನ್ನೋ, ಬರೀ ಫೋರ್ ಎಸಿಯನ್ನೋ? 'ರೂಟ್ ಶುರು', 'ರೂಟ್ ಮುಗಿಯಿತು' ಎಂದೆಲ್ಲ ಸೇರಿಸಬಹುದು. ಸೇರಿಸಿದರೆ ಕೊನೆ ತಲುಪುವಷ್ಟರಲ್ಲಿ ಶುರು ಮರೆತಿರುತ್ತದೆ. ಮೂರು ಸಾಲು ಮೂರು ಕಂಬಸಾಲಿನ ಮ್ಯಾಟ್ರಿಕ್ಸ್‌ನ ಒಂಬತ್ತು ಅಂಕಿಗಳನ್ನು ಒಂದೇ ಉಸಿರಿಗೆ ಕೇಳಿ ನೆನಪಿಡಿ ನೋಡೋಣ. ನಡುವಿನ ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿಂದ. ಕಣ್ಣು ಕಾಣುವವರು ಬೇಕಾದ ಜಾಗಕ್ಕೆ ಕಣ್ಣು ಹಾಯಿಸುತ್ತಾರೆ. ಆಲ್ಟ್ ಟೆಕ್ಸ್ಟ್‌ನಲ್ಲಿ ಹಾಗೆ ಹಿಂದೆ ಮುಂದೆ ಓಡಾಡಲು ಆಗುವುದೇ ಇಲ್ಲ.

ಇದಕ್ಕೆ ದಾರಿಯೇ ಇಲ್ಲದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಇದೆ! ವೆಬ್‌ನಲ್ಲಿ ಗಣಿತ ಬರೆಯುವುದಕ್ಕೆಂದೇ ಮ್ಯಾಥ್‌ಎಂಎಲ್ ಎಂಬ ಪದ್ಧತಿಯನ್ನು, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1998ರಲ್ಲೇ ಹೊರತಂದಿದೆ. ನನ್ನ ಈಗಿನ ವಿದ್ಯಾರ್ಥಿಗಳು ಆಗ ಹುಟ್ಟಿರಲೂ ಇಲ್ಲ. ಹಾಗೆ ಬರೆದ ಇಕ್ವೇಶನ್ ಎನ್‌ವಿಡಿಎಗೆ ಸಿಕ್ಕಿ, ಜೊತೆಗೆ ಮ್ಯಾಥ್‌ಕ್ಯಾಟ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದ್ದರೆ, ಆ ಹುಡುಗಿ ಬಾಣದ ಕೀ ಒತ್ತಿಕೊಂಡು ಭಿನ್ನರಾಶಿಯ ಒಳಗೆ ಹೋಗಬಹುದು, ಛೇದಕ್ಕೆ ಇಳಿಯಬಹುದು, ಬೇಕಾದ ಪದವನ್ನಷ್ಟೇ ಮತ್ತೆ ಕೇಳಬಹುದು. ಪರದೆಯ ಬರಹವನ್ನು ಉಬ್ಬು ಚುಕ್ಕೆಗಳಾಗಿಸುವ ಬ್ರೈಲ್ ಡಿಸ್‌ಪ್ಲೇ ಇದ್ದವರು ಬೆರಳಲ್ಲೇ ಓದಬಹುದು. ಬ್ರೌಸರ್‌ಗಳೂ ತಡ ಮಾಡಿದವು ಅನ್ನಿ. ಕ್ರೋಮ್ 2013ರಲ್ಲಿ ಇದನ್ನು ಒಂದು ಆವೃತ್ತಿಯಲ್ಲಿ ಕೊಟ್ಟು ಮುಂದಿನದರಲ್ಲೇ ಕಿತ್ತುಹಾಕಿತ್ತು. 2023ರ ಜನವರಿಯಲ್ಲಿ ವಾಪಸ್ ತಂದಿತು. ಆ ನೆಪವೂ ಈಗ ಉಳಿದಿಲ್ಲ. ಅಲ್ಲಿಯವರೆಗೆ ಯಾವ ಬ್ರೌಸರ್‌ನಲ್ಲೂ ಇಕ್ವೇಶನ್ ತೋರಿಸುವ ಮ್ಯಾಥ್‌ಜ್ಯಾಕ್ಸ್ ಇತ್ತಲ್ಲ, ಅದೂ ಉಚಿತವೇ. ಬಿಟ್ಟಿ ಸಿಗುವ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ಸಾಫ್ಟ್‌ವೇರ್ ಕೂಡ ಅದನ್ನು ಬಳಸಿ ಇಕ್ವೇಶನ್ ತೋರಿಸುತ್ತದೆ. ವರ್ಷ ವರ್ಷ ದುಡ್ಡು ಎಣಿಸಿಕೊಳ್ಳುವ ಟೂಲ್‌ಗೆ ಏನು ಕಷ್ಟ?

ನಾನೇ ಒಳದಾರಿ ಹುಡುಕಿದೆ. ಇಕ್ವೇಶನ್‌ಗೆಂದೇ ಬೇರೆ ವೆಬ್ ಪುಟ ಮಾಡಿ ಸ್ಲೈಡಿನೊಳಗೆ ಕೂರಿಸಬಹುದು. ಕೂರಿಸಿದೆ. ಅದಕ್ಕೊಂದು ಡಬ್ಬಿ, ಡಬ್ಬಿಗೊಂದು ಸ್ಕ್ರೋಲ್ ಬಾರ್, ಮೊಬೈಲಿನಲ್ಲಿ ಅರ್ಧ ಸೂತ್ರ ಒಳಗೆ ಅರ್ಧ ಹೊರಗೆ. ವಾಕ್ಯದ ನಡುವೆ ಒಂದು ಸಣ್ಣ ಎಕ್ಸ್ ಸ್ಕ್ವೇರ್ ಬೇಕಾದರೆ ಈ ಡಬ್ಬಿ ಯಾವ ಪ್ರಯೋಜನಕ್ಕೂ ಇಲ್ಲ. ಕ್ವಿಜ್‌ನ ಆಯ್ಕೆಗಳಲ್ಲಂತೂ ಬರೀ ಅಕ್ಷರ, ಇಲ್ಲವೇ ಚಿತ್ರ. ನಾಲ್ಕು ಆಯ್ಕೆ, ನಾಲ್ಕು ಪಿಎನ್‌ಜಿ. ಅವಳು ಯಾವುದನ್ನು ಒತ್ತಬೇಕು, ಕವಡೆ ಹಾಕಿ ನೋಡಬೇಕಾ?

ಒಬ್ಬಳಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ಸ್ಟಾಫ್ ರೂಮಿನಲ್ಲೇ ಕೇಳಿದರು. ಒಬ್ಬಳಿದ್ದರೂ ಮಾಡಬೇಕು, ಅದು ಬೇರೆ ಮಾತು. ಆದರೆ ಒಬ್ಬಳದ್ದೇ ಅಲ್ಲ ಈ ಕಷ್ಟ. ಹಿಂದೆ ಬಣ್ಣವಿಲ್ಲದ ಪಿಎನ್‌ಜಿಯನ್ನು ಡಾರ್ಕ್ ಮೋಡ್‌ನಲ್ಲಿ ನೋಡಿ, ಕಪ್ಪಿನ ಮೇಲೆ ಕಪ್ಪು, ಇಡೀ ಸೂತ್ರವೇ ಮಾಯ. ದೃಷ್ಟಿ ಮಂದ ಇರುವವರು ದೊಡ್ಡದು ಮಾಡಿದರೆ ಅಕ್ಷರ ಒಡೆದು ಘಾತದಲ್ಲಿರುವುದು 3 ಅಥವಾ 8 ಎಂಬುದೇ ತಿಳಿಯುವುದಿಲ್ಲ. ನನ್ನ ವಿಷಯಕ್ಕೇ ಬಂದರೆ, ಒಂದು ಚಿಹ್ನೆ ತಿದ್ದಬೇಕಾದರೂ ವರ್ಡ್‌ಗೆ ಹೋಗಿ, ತಿದ್ದಿ, ಮತ್ತೆ ಚಿತ್ರ ಮಾಡಿ, ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕಣ್ಣು ಕಾಣದ ಮಕ್ಕಳಿಗೆ 'ಗಣಿತ ನಿನಗೆ ಯಾಕಮ್ಮಾ, ಬೇರೆ ಏನಾದರೂ ತಗೋ' ಎನ್ನುವುದು ನಮ್ಮಲ್ಲಿ ಹಳೆಯ ಚಾಳಿ. ಪುಣೆಯಲ್ಲಿ ಬೆಳೆದ ಟಿ.ವಿ. ರಾಮನ್ ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡವರು. ಗಣಿತ ಓದಿ, ಐಐಟಿ ಬಾಂಬೆಗೆ ಹೋಗಿ, ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಲೇಟೆಕ್ಸ್ ಎಂಬ ಟೈಪಿಂಗ್ ಪದ್ಧತಿಯಲ್ಲಿ ಬರೆದ ಗಣಿತವನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಕಟ್ಟಿ 1994ರಲ್ಲಿ ಪಿಎಚ್‌ಡಿ ಪಡೆದರು. ಆಗಲೇ ಆದದ್ದು ಈಗ ಆಗಲ್ವಂತೆ. ಈ ಹುಡುಗಿ ಎಲ್ಲರ ಮಾತು ದಾಟಿಕೊಂಡು ಗಣಿತ ಇರುವ ಕೋರ್ಸಿಗೇ ಬಂದಿದ್ದಾಳೆ. ಅವಳನ್ನು ಈಗ ಹೊರಗೆ ತಳ್ಳುತ್ತಿರುವುದು ಒಂದು ಪೇಸ್ಟ್ ಬಟನ್.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸಾಫ್ಟ್‌ವೇರ್, ವೆಬ್‌ಸೈಟ್‌ಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ. ಟೂಲ್ ಕೊಳ್ಳುವಾಗ ಯಾರಾದರೂ ಒಂದು ಇಕ್ವೇಶನ್ ಹಾಕಿ, ಸ್ಕ್ರೀನ್ ರೀಡರ್ ಆನ್ ಮಾಡಿ ಕೇಳಿದ್ದಾರಾ? ಐದು ನಿಮಿಷದ ಕೆಲಸ. ಡೆಮೊ ದಿನ ಎಲ್ಲರೂ ಗೊಂಬೆ ಕೈ ಬೀಸುವುದನ್ನೇ ನೋಡುತ್ತಾ ಕೂತಿದ್ದರು.

ಸದ್ಯಕ್ಕೆ ನಾನು ಮ್ಯಾಥ್‌ಎಂಎಲ್ ಇರುವ ಮಾಮೂಲಿ ವೆಬ್ ಪುಟವಾಗಿ ಪಾಠ ಮಾಡಿ ಅವಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಓದುತ್ತಾಳೆ, ಲೆಕ್ಕ ಮಾಡುತ್ತಾಳೆ, ಟೆಸ್ಟ್‌ನಲ್ಲಿ ಚೆನ್ನಾಗಿಯೇ ಅಂಕ ತೆಗೆಯುತ್ತಾಳೆ. ಆದರೆ ಟೂಲ್‌ನೊಳಗೆ ಸ್ಲೈಡ್ ತಿರುಗಿಸಿಲ್ಲವಲ್ಲ, ಅದರ ಲೆಕ್ಕದಲ್ಲಿ ಅವಳು ಪಾಠ ಶುರುವೇ ಮಾಡಿಲ್ಲ. ಹಾಗಾಗಿ ಪ್ರತಿ ಸೋಮವಾರ ಅವಳಿಗೊಂದು ಮೇಲ್ ಹೋಗುತ್ತದೆ, 'ನೀವು ಕಲಿಕೆಯಲ್ಲಿ ಹಿಂದುಳಿದಿದ್ದೀರಿ' ಎಂದು. ಇಕ್ವೇಶನ್ ಸರಿ ಮಾಡುವುದು ನಿಮ್ಮ ಕೈಯಲ್ಲಿ ಯಾವಾಗ ಆಗುತ್ತದೋ ಆಗಲಿ, ಆ ಮೇಲ್ ಕಳಿಸುವುದನ್ನು ಈ ಸೋಮವಾರದಿಂದಲೇ ನಿಲ್ಲಿಸಿ ಮಾರಾಯ್ರೇ.