ಇಲ್ಲದ ಹೊಗೆಗೊಂದು ಪ್ರಮಾಣಪತ್ರ

ಹಳೆಯ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ ಅದರ ಜಾಗದಲ್ಲಿ ವಿದ್ಯುತ್ ಮೋಟರ್ ಕೂರಿಸುವುದೇ ದೊಡ್ಡ ಕಷ್ಟವೆಂದು ನಾನು ನಂಬಿದ್ದೆ. ಅದು ಬರೀ ಪೀಠಿಕೆ, ಕಥೆ ಇರುವುದು ಕಚೇರಿಯ ಕಿಟಕಿಯಲ್ಲಿ ಎಂದು ತಿಳಿದದ್ದು ಆಮೇಲೆ.

ಅಪ್ಪ ಆಯುಷ್ಯವಿಡೀ ಕಾರ್ಬ್ಯುರೇಟರ್ ಬಿಚ್ಚಿ ತೊಳೆದವರು. ಮೋಟರನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟು ‘ಹೆಚ್ಚುಕಡಿಮೆ ಸರಿಯಾಗಿದೆ’ ಎಂದು ನಾನು ಕೈ ಒರೆಸಿಕೊಂಡಾಗ, ಅವರು ಕೂದಲೆಳೆಯ ಓರೆಯನ್ನೂ ಅಳೆಯುವ ಡಯಲ್ ಗೇಜಿನ ಮುಳ್ಳು ತೋರಿಸಿ, “ಶಾಫ್ಟಿಗೆ ಹೆಚ್ಚುಕಡಿಮೆ ಅನ್ನೋ ಮಾತಿಲ್ಲ, ಬೇರಿಂಗ್ ಹೋಗುತ್ತೆ” ಎಂದು ಮೂರು ಸಲ ಬಿಚ್ಚಿಸಿದರು. ಎಂಜಿನ್ ಹೋದರೆ, ಬ್ರೇಕ್ ತುಳಿಯುವುದನ್ನು ಹಗುರಗೊಳಿಸುವ ಬೂಸ್ಟರಿಗೆ ಸಿಗುತ್ತಿದ್ದ ನಿರ್ವಾತವೂ ಹೋಗುತ್ತದೆಂದು ನೆನಪಿಸಿ, ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಹಾಕಿಸಿದವರೂ ಅವರೇ. ತಲಾ 3.2 ವೋಲ್ಟಿನ 30 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಪೋಣಿಸಿದಾಗ ಒಟ್ಟು 96 ವೋಲ್ಟ್ ಆಯಿತು. ಮೈಗೆ ತಗುಲಿದರೆ ಅಪಾಯ ತರುವಷ್ಟು ವಿದ್ಯುತ್ ಒತ್ತಡ ಅದಾದ್ದರಿಂದ, ಎಚ್ಚರಿಕೆಯ ಗುರುತಾದ ಕಿತ್ತಳೆ ಬಣ್ಣದ ಕೇಬಲನ್ನೇ ಎಳೆದು, ಅದು ಎಲ್ಲಿಯೂ ತಗಡಿಗೆ ಉಜ್ಜದಂತೆ ಕ್ಲಿಪ್ ಹಾಕಿದೆವು.

ನೋಂದಣಿ ಬದಲಾಯಿಸಿಕೊಳ್ಳಲು ಹೋದ ದಿನ ಗುಮಾಸ್ತರು ಬ್ರೇಕನ್ನು ಕೇಳಲಿಲ್ಲ, ಕೇಬಲನ್ನು ಕೇಳಲಿಲ್ಲ. ಕೇಳಿದ್ದು ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು.

“ಹೊಗೆಯೇ ಬರುವುದಿಲ್ಲ, ಸರ್. ಸೈಲೆನ್ಸರ್ ಪೈಪೇ ಇಲ್ಲ.”

“ಪೈಪ್ ಇಲ್ಲದಿದ್ದರೆ ವಾಹನ ಅಪೂರ್ಣ. ಅಪೂರ್ಣ ವಾಹನಕ್ಕೆ ಅರ್ಜಿ ತೆಗೆದುಕೊಳ್ಳುವಂತಿಲ್ಲ.”

ಎಂಜಿನ್ನಿನ ಸಾಮರ್ಥ್ಯ ಎಷ್ಟು ಸಿಸಿ ಎಂಬ ಅಂಕಣದಲ್ಲಿ ನಾನು ಸೊನ್ನೆ ಬರೆದಿದ್ದೆ. ಸೊನ್ನೆಯೆಂದರೆ ಮಾಹಿತಿ ಮುಚ್ಚಿಟ್ಟಂತೆ ಎಂದು ಅವರು ಅದಕ್ಕೆ ಕೆಂಪು ಸುತ್ತು ಹಾಕಿದರು. ಮೋಟರಿನ ಕಿಲೋವ್ಯಾಟ್ ಬರೆಯಲೇ ಎಂದರೆ, ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲವಂತೆ. (ಗುಮಾಸ್ತರನ್ನು ದೂರಿ ಫಲವಿಲ್ಲ; ಅವರು ನಮೂನೆಯನ್ನು ಬರೆದವರಲ್ಲ, ಅದಕ್ಕೆ ಕಾವಲಿರುವವರು.)

ಅಪ್ಪ ಒಂದು ಮಾತೂ ಆಡದೆ ಮನೆಗೆ ಬಂದು, ಗುಜರಿಗೆಂದು ಎತ್ತಿಟ್ಟಿದ್ದ ತುಕ್ಕು ಹಿಡಿದ ಪೈಪನ್ನು ಎರಡು ಬೋಲ್ಟುಗಳಲ್ಲಿ ಕಾರಿನ ಹಿಂಭಾಗಕ್ಕೆ ಬಿಗಿದರು. ಅದರ ಮುಂದಿನ ತುದಿ ಯಾವುದಕ್ಕೂ ಸೇರದೆ ಗಾಳಿಯಲ್ಲಿ ಬಾಯಿ ತೆರೆದುಕೊಂಡಿತ್ತು. ತಪಾಸಣಾ ಕೇಂದ್ರದ ಹುಡುಗ ಬಹು ಶ್ರದ್ಧೆಯಿಂದ ಅದರೊಳಗೆ ತನಿಖಾ ನಳಿಕೆ ತೂರಿಸಿ, ಕಾರ್ಬನ್ ಮಾನಾಕ್ಸೈಡಿಗಾಗಿ ಪರದೆಯನ್ನೇ ದಿಟ್ಟಿಸಿ ನಿಂತನು. ಅಂಕಿ ಮೇಲೇಳಲಿಲ್ಲ.

“ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಒಂದು ಸುತ್ತು ಓಡಿಸಿಕೊಂಡು ಬನ್ನಿ” ಎಂದನು.

ನಾವು ಸದ್ದಿಲ್ಲದೆ ಒಂದು ಸುತ್ತು ಹೋಗಿ ಬಂದೆವು. ಆಗಲೂ ಸೊನ್ನೆಯೇ. ಸಿಸಿ ಅಂಕಣದಲ್ಲಿ ಅಪರಾಧವಾಗಿದ್ದ ಸೊನ್ನೆ ಇಲ್ಲಿ ಸದ್ಗುಣವಾಗಿ, ಎಂಜಿನ್ನಿನ ಸ್ಥಿತಿ ಅತ್ಯುತ್ತಮವೆಂಬ ಮುದ್ರೆ ಬಿತ್ತು. ಸಿಸಿ ಅಂಕಣಕ್ಕೆ ಹಳೆಯ ಎಂಜಿನ್ನಿನ ಅಂಕಿಯನ್ನೇ ತುಂಬಿ ಕೊಟ್ಟಾಗ ಗುಮಾಸ್ತರು ಅರ್ಜಿಯನ್ನು ತೆಗೆದುಕೊಂಡು, “ನೋಡಿ, ಮೊದಲೇ ಹೀಗೆ ತರಬಾರದಿತ್ತೇ” ಎಂದರು.

ಮನೆಗೆ ಬಂದವನೇ ಪೈಪ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡೆ. ಅಪ್ಪ ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕವನ್ನು ಓದುತ್ತಿದ್ದರು.

“ಇರಲಿ ಬಿಡೋ, ಮತ್ತೆ ಬೇಕಾಗುತ್ತೆ” ಎಂದರು.